ಯೂರೋಕಪ್: ಮೇಲಿನ ಮನೆಗೆ ಇರುವ ಒಂದೇ ಬಾಗಿಲು

2018ರ ಏಪ್ರಿಲ್‌ನಲ್ಲಿ ಇಸ್ತಾಂಬುಲ್‌ನ ಬ್ಯಾಸ್ಕೆಟ್‌ಬಾಲ್ ತಂಡ ದಾರುಶ್ಶಫಾಕಾ, ರಷ್ಯಾದ ಲೊಕೊಮೊಟಿವ್ ಕುಬಾನ್ ತಂಡವನ್ನು ಫೈನಲ್ ಸರಣಿಯಲ್ಲಿ 2–0ರಿಂದ ಸೋಲಿಸಿ ಯೂರೋಕಪ್ ಗೆದ್ದಿತು. ಗೆಲುವಿನ ಫಲವಾಗಿ ಅದಕ್ಕೆ ಮುಂದಿನ ಸಾಲಿನ ಯೂರೋಲೀಗ್‌ನಲ್ಲಿ ಜಾಗ ಸಿಕ್ಕಿತು. ಆದರೆ ತಂಡವನ್ನು ಕಟ್ಟಿದ್ದ ಕೋಚ್ ಡೇವಿಡ್ ಬ್ಲಾಟ್ ಆ ಬೇಸಿಗೆಯಲ್ಲೇ ಒಲಿಂಪಿಯಾಕೋಸ್‌ಗೆ ಹೋದರು. ಟೂರ್ನಿಯ ಎಂವಿಪಿ (ಅತ್ಯಂತ ಮೌಲ್ಯಯುತ ಆಟಗಾರ) ಆಗಿದ್ದ, ಚೆಂಡು ನಡೆಸುವ ಗಾರ್ಡ್ ಸ್ಕಾಟಿ ವಿಲ್ಬೆಕಿನ್ ಮಕಾಬಿ ಟೆಲ್ ಅವೀವ್ ಸೇರಿದರು. ಯೂರೋಲೀಗ್‌ನಲ್ಲಿ ದಾರುಶ್ಶಫಾಕಾ 30 ಪಂದ್ಯ ಆಡಿ ಗೆದ್ದದ್ದು 5, ಸೋತದ್ದು 25.

ಇವತ್ತಿನ ಮಾತನ್ನು ಈ ಅಂಕಿಗಳಿಂದ ಶುರು ಮಾಡಲು ಕಾರಣವಿದೆ. ಯುರೋಪಿನ ಕ್ಲಬ್ ಬ್ಯಾಸ್ಕೆಟ್‌ಬಾಲ್‌ನ ಎರಡನೇ ಮೆಟ್ಟಿಲು ಯೂರೋಕಪ್. ನಮ್ಮಲ್ಲಿ ಎರಡನೇ ಮೆಟ್ಟಿಲು ಅಂದರೆ ರಣಜಿಯ ಪ್ಲೇಟ್ ಗುಂಪು ನೆನಪಾಗುತ್ತದೆ: ಗೆದ್ದರೆ ಮೇಲೆ, ಸೋತರೆ ಕೆಳಗೆ, ಲೆಕ್ಕ ನೇರ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಫೈನಲ್‌ನಲ್ಲಿ ಕಝಾಕಿಸ್ತಾನವನ್ನು 75–73ರಿಂದ ಮಣಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದರು, ಎ ವಿಭಾಗಕ್ಕೆ ಏರಿದರು. ಅಲ್ಲಿಯೂ ಲೆಕ್ಕ ನೇರವಾಗಿತ್ತು. ಯೂರೋಕಪ್ ಹಾಗಲ್ಲ. ಮೇಲಿನ ಯೂರೋಲೀಗ್ ಬಹುಮಟ್ಟಿಗೆ ಪರವಾನಗಿ ಹೊಂದಿದ ಕ್ಲಬ್‌ಗಳ ಮನೆ. ರಿಯಲ್ ಮ್ಯಾಡ್ರಿಡ್, ಒಲಿಂಪಿಯಾಕೋಸ್‌ನಂಥವು ಕೊನೆಯ ಸ್ಥಾನಕ್ಕೆ ಇಳಿದರೂ ಮನೆ ಬಿಡಬೇಕಾಗಿಲ್ಲ. ಕೆಳಗಿನವರು ಆಟದ ಬಲದಿಂದಲೇ ಒಳಗೆ ಹೋಗಲು ಇರುವುದು ಯೂರೋಕಪ್ ಚಾಂಪಿಯನ್‌ಗೆ ತೆರೆಯುವ ಒಂದು ಬಾಗಿಲು. ಆ ಬಾಗಿಲು ಎಷ್ಟು ಅಗಲ, ಯಾವ ಬಗೆಯ ತಂಡ ಅದರಲ್ಲಿ ತೂರಬಲ್ಲದು ಎಂಬುದನ್ನು ಟೂರ್ನಿಯ ರಚನೆಯೇ ನಿರ್ಧರಿಸುತ್ತದೆ. ಆದ್ದರಿಂದ ನಾವು ನೋಡಬೇಕಾದದ್ದು ರಚನೆಯನ್ನು.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. 2000ದಲ್ಲಿ ಯುರೋಪಿನ ಬ್ಯಾಸ್ಕೆಟ್‌ಬಾಲ್ ಎರಡು ಹೋಳಾಯಿತು. ಒಂದು ಕಡೆ ಕ್ಲಬ್‌ಗಳ ಪರವಾಗಿ ಯುಲೆಬ್ (ಯುರೋಪಿನ ಲೀಗ್‌ಗಳ ಒಕ್ಕೂಟ) ನಡೆಸಿದ ಯೂರೋಲೀಗ್, ಇನ್ನೊಂದು ಕಡೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ಸುಪ್ರೋಲೀಗ್. ಮರುವರ್ಷ ಮೇಲಿನ ಹಂತ ಮತ್ತೆ ಒಂದಾಯಿತು. 2002ರಲ್ಲಿ ಹಳೆಯ ಸಪೋರ್ಟಾ ಕಪ್ ಮತ್ತು ಕೋರಾಚ್ ಕಪ್ ಎರಡೂ ನಿಂತವು, ಅದೇ ವರ್ಷ ಯುಲೆಬ್ ಕಪ್ ಹುಟ್ಟಿತು. 2008ರಲ್ಲಿ ಅದಕ್ಕೆ ಯೂರೋಕಪ್ ಎಂಬ ಹೆಸರು ಬಂತು. 2023ರಿಂದ ಹೆಸರಿನ ಮುಂದೆ ಬಿಕೆಟಿ ಎಂದಿರುವುದನ್ನು ನೀವು ನೋಡಿರಬಹುದು. ಅದು ಮುಂಬೈನ ಬಾಲಕೃಷ್ಣ ಇಂಡಸ್ಟ್ರೀಸ್, ಟ್ರ್ಯಾಕ್ಟರಿಗೆ, ಗಣಿ ಯಂತ್ರಗಳಿಗೆ ಟಯರ್ ಮಾಡುವ ಕಂಪನಿ.

ತಂಡಗಳ ಸಂಖ್ಯೆಯನ್ನು ಗಮನಿಸಿ. ಮೊದಲ ಸಾಲಿನಲ್ಲಿ 24. 2007–08ರ ಹೊತ್ತಿಗೆ 54ಕ್ಕೆ ಉಬ್ಬಿತು, ಆರಾರು ತಂಡಗಳ ಒಂಬತ್ತು ಗುಂಪು. 2013–14ರಲ್ಲಿ 48. 2016ರಲ್ಲಿ ಫೀಬಾ ತನ್ನದೇ ಚಾಂಪಿಯನ್ಸ್ ಲೀಗ್ ಶುರು ಮಾಡಿ ಎಳೆದಾಟ ಆದಾಗ 20ಕ್ಕೆ ಇಳಿಯಿತು. ನಂತರ ಕೆಲವು ವರ್ಷ 24 ಇದ್ದು, 2021–22ರಿಂದ ಮತ್ತೆ 20, ಹತ್ತು ಹತ್ತರ ಎರಡು ಗುಂಪು. ಐವತ್ನಾಲ್ಕು ತಂಡಗಳಿದ್ದ ದಿನಗಳಲ್ಲಿ ಅರ್ಧಕ್ಕರ್ಧ ಪಂದ್ಯಗಳ ಫಲ ಮೊದಲೇ ಗೊತ್ತಿರುತ್ತಿತ್ತು. ಇಪ್ಪತ್ತಕ್ಕೆ ಇಳಿಸಿದ್ದು ಟೂರ್ನಿಗೆ ಆದ ಅತಿ ದೊಡ್ಡ ಒಳಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗಿನ ಕ್ರಮ ಹೀಗಿದೆ. ಗುಂಪಿನ ಪ್ರತಿ ತಂಡವೂ ಉಳಿದ ಒಂಬತ್ತರ ಜೊತೆ ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡುತ್ತದೆ. ಒಟ್ಟು 18 ಸುತ್ತು. 2023–24ರಿಂದ ಪ್ರತಿ ಗುಂಪಿನಿಂದ ಆರು ತಂಡ ಮುಂದೆ ಹೋಗುತ್ತವೆ. ಮೊದಲ ಎರಡು ಸ್ಥಾನದವು ನೇರ ಕ್ವಾರ್ಟರ್ ಫೈನಲ್‌ಗೆ. ಮೂರರಿಂದ ಆರರವರೆಗಿನವು ಅದಕ್ಕೆ ಮುಂಚೆ ಒಂದು ನಾಕೌಟ್ ಪಂದ್ಯ ಆಡಬೇಕು. ಕ್ವಾರ್ಟರ್ ಫೈನಲ್ ಕೂಡ ಒಂದೇ ಪಂದ್ಯ. ಸೆಮಿಫೈನಲ್ ಮತ್ತು ಫೈನಲ್ ಮಾತ್ರ ಮೂರು ಪಂದ್ಯಗಳ ಸರಣಿ, ಎರಡು ಗೆದ್ದವರು ಮುಂದೆ. ಮೇಲಿನ ಸ್ಥಾನದ ತಂಡಕ್ಕೆ ಒಂದನೇ ಮತ್ತು ಮೂರನೇ ಪಂದ್ಯ ತವರಿನಲ್ಲಿ.

ಇದಕ್ಕೆ ಹಿಂದಿನ ಎರಡು ಸಾಲುಗಳಲ್ಲಿ ಪ್ರತಿ ಗುಂಪಿನಿಂದ ಎಂಟು ತಂಡ ಮುಂದೆ ಹೋಗುತ್ತಿದ್ದವು, ನಾಕೌಟಿನ ನಾಲ್ಕೂ ಹಂತ ಒಂದೊಂದೇ ಪಂದ್ಯ. ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ, ಆದರೆ ಒಂದು ಲೆಕ್ಕ ಮಾಡಿ ನೋಡೋಣ. ಗುಂಪಿನ ಅಗ್ರ ತಂಡವೊಂದು ಯಾವುದೇ ಎದುರಾಳಿಯ ವಿರುದ್ಧ ನೂರಕ್ಕೆ 65 ಸಲ ಗೆಲ್ಲುತ್ತದೆ ಎಂದಿಟ್ಟುಕೊಳ್ಳಿ. ತವರಿನ ಅನುಕೂಲವನ್ನು ಸದ್ಯ ಬದಿಗಿಡೋಣ. ನಾಲ್ಕು ಒಂಟಿ ಪಂದ್ಯ ಸತತವಾಗಿ ಗೆಲ್ಲುವ ಸಾಧ್ಯತೆ 0.65ನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇ 18. ಮೂರು ಪಂದ್ಯಗಳ ಸರಣಿಯಲ್ಲಿ ಅದೇ ತಂಡ ಗೆಲ್ಲುವ ಸಾಧ್ಯತೆ 65ರಿಂದ ಸುಮಾರು 72ಕ್ಕೆ ಏರುತ್ತದೆ. ಈಗಿನ ಕ್ರಮದಲ್ಲಿ ಮೊದಲ ನಾಕೌಟ್ ತಪ್ಪಿತು, ಒಂದು ಒಂಟಿ ಪಂದ್ಯ, ಎರಡು ಸರಣಿ: 0.65 ಗುಣಿಸು 0.72 ಗುಣಿಸು 0.72. ಸುಮಾರು ಶೇ 34. ತಂಡ ಅದೇ, ಆಟ ಅದೇ, ಗೆಲ್ಲುವ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟು.

ಒಂಟಿ ಪಂದ್ಯಗಳ ಕ್ರಮ ಏನು ಮಾಡಬಲ್ಲದು ಎಂಬುದಕ್ಕೆ 2022 ಸಾಕ್ಷಿ. ಆ ವರ್ಷ ಯುದ್ಧದ ಕಾರಣ ರಷ್ಯಾದ ಲೊಕೊಮೊಟಿವ್ ಕುಬಾನ್ ತಂಡವನ್ನು ಹೊರಗಿಟ್ಟು ಅದರ ಫಲಿತಾಂಶಗಳನ್ನು ಅಳಿಸಿದ್ದರು, ಪಟ್ಟಿಯೇ ಕದಡಿತ್ತು. ಗುಂಪಿನ ಕೆಳಭಾಗದಿಂದ ನಾಕೌಟ್‌ಗೆ ಬಂದ ತುರ್ಕಿಯ ಬುರ್ಸಾಸ್ಪೋರ್, ಬೆಲ್‌ಗ್ರೇಡ್‌ಗೆ ಹೋಗಿ ಝೆಲ್ಕೊ ಒಬ್ರಾಡೊವಿಚ್‌ರ ಪಾರ್ಟಿಝಾನ್ ತಂಡವನ್ನು ಸೋಲಿಸಿತು. ಯುರೋಪಿನಲ್ಲಿ ಅವರಷ್ಟು ಯೂರೋಲೀಗ್ ಕಿರೀಟ ಗೆದ್ದ ಕೋಚ್ ಇನ್ನೊಬ್ಬರಿಲ್ಲ. ಬುರ್ಸಾಸ್ಪೋರ್ ಅಲ್ಲಿಗೆ ನಿಲ್ಲದೆ ಫೈನಲ್ ತನಕ ಬಂತು. ಬೊಲೋನ್ಯಾದಲ್ಲಿ ವಿರ್ಟುಸ್ 80–67ರಿಂದ ಅದನ್ನು ತಡೆಯಿತು. ಪಾರ್ಟಿಝಾನ್‌ನಂಥ ತಂಡ ಒಂದೇ ಸಂಜೆಗೆ ಹೊರಬಿದ್ದದ್ದು ಹೇಗೆ? ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ರಾತ್ರಿಯ ಫಲವನ್ನು ಅತಿ ಹೆಚ್ಚು ಅಲುಗಾಡಿಸುವುದು ಮೂರು ಅಂಕದ ಎಸೆತ. 6.75 ಮೀಟರ್ ದೂರದಿಂದ ತಂಡವೊಂದು ಪಂದ್ಯಕ್ಕೆ 25ರಿಂದ 30 ಸಲ ಎಸೆದರೆ, ಅದರಲ್ಲಿ 8 ಬೀಳುವುದಕ್ಕೂ 13 ಬೀಳುವುದಕ್ಕೂ ವ್ಯತ್ಯಾಸ 15 ಅಂಕ. ಪಂದ್ಯದ ಫಲವನ್ನು ತಿರುವಿಹಾಕಲು ಇಷ್ಟು ಧಾರಾಳ ಸಾಕು. ಸರಣಿಯಲ್ಲಿ ಒಂದು ರಾತ್ರಿ ಬಿದ್ದ ಚೆಂಡು ಇನ್ನೊಂದು ರಾತ್ರಿ ಬೀಳುವುದಿಲ್ಲ, ಜೊತೆಗೆ ಎದುರಾಳಿ ಕೋಚ್‌ಗೆ ಸರಿಪಡಿಸಿಕೊಳ್ಳಲು ಎರಡು ಮೂರು ದಿನ ಸಿಗುತ್ತದೆ.

ಹಾಗೆಂದು ಸರಣಿ ಇದ್ದರೆ ಬಲಶಾಲಿ ಗೆದ್ದೇ ಗೆಲ್ಲುತ್ತದೆ ಎಂದಲ್ಲ. 2017ರ ಫೈನಲ್ ಕೂಡ ಮೂರು ಪಂದ್ಯಗಳದ್ದು. ಮೂರನೆಯದು ವಲೆನ್ಸಿಯಾದ ತವರಿನಲ್ಲಿ. ಕೊನೆಯ ಕ್ವಾರ್ಟರಿನಲ್ಲಿ ಹತ್ತಕ್ಕೂ ಹೆಚ್ಚು ಅಂಕ ಮುಂದಿದ್ದ ವಲೆನ್ಸಿಯಾ, ಮಲಗಾದ ಉನಿಕಾಹಾ ತಂಡಕ್ಕೆ 63–58ರಿಂದ ಸೋತಿತು. ಅದೇ ವಲೆನ್ಸಿಯಾ ಆ ಬೇಸಿಗೆಯಲ್ಲಿ ಸ್ಪೇನ್ ಲೀಗ್ ಗೆದ್ದು ಯೂರೋಲೀಗ್‌ಗೆ ಆಗ ಇದ್ದ ಬೇರೆ ದಾರಿಯಿಂದ ಹೋಯಿತು. ಯೂರೋಕಪ್ ಚರಿತ್ರೆಯಲ್ಲಿ ಅತಿ ಹೆಚ್ಚು ಸಲ, 2003, 2010, 2014 ಮತ್ತು 2019ರಲ್ಲಿ, ಕಪ್ ಎತ್ತಿದ ಕ್ಲಬ್ಬೂ ಅದೇ.

ಒಂಟಿ ಪಂದ್ಯ, ಸರಣಿ ಎರಡೂ ಅಲ್ಲದ ಮೂರನೆಯ ಬಗೆಯೊಂದು ಹಿಂದೆ ಇತ್ತು. 2014ರಿಂದ 2016ರವರೆಗೆ ಫೈನಲ್ ಅನ್ನು ಫುಟ್‌ಬಾಲ್‌ನಂತೆ ಎರಡು ಲೆಗ್‌ಗಳಲ್ಲಿ ಆಡಿಸಿ ಅಂಕ ಕೂಡಿಸುತ್ತಿದ್ದರು. 2016ರಲ್ಲಿ ಸ್ಟ್ರಾಸ್‌ಬರ್ಗ್ ತವರಿನಲ್ಲಿ ಗಲಾತಸರಾಯ್ ವಿರುದ್ಧ 66–62ರಿಂದ ಗೆದ್ದಿತು. ಇಸ್ತಾಂಬುಲ್‌ನಲ್ಲಿ ಗಲಾತಸರಾಯ್ 78–67ರಿಂದ ಗೆದ್ದು, ಒಟ್ಟು 140–133ರಿಂದ ಕಪ್ ತನ್ನದಾಗಿಸಿಕೊಂಡಿತು. ಈ ಪದ್ಧತಿಯಲ್ಲಿ ಅದು 80 ನಿಮಿಷಗಳ ಒಂದೇ ಪಂದ್ಯ. ಮೊದಲ ಲೆಗ್ ಸಮಬಲದಲ್ಲಿ ಮುಗಿದರೆ ಹೆಚ್ಚುವರಿ ಅವಧಿ ಇಲ್ಲ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಡ್ರಾ ಎಂಬುದು ಉಳಿಯುವ ಅಪರೂಪದ ಜಾಗ ಅದು. ಹೊರಗೆ ಆಡಿ 4 ಅಂಕಗಳಿಂದ ಸೋತದ್ದು ಗಲಾತಸರಾಯ್‌ಗೆ ನಷ್ಟವೇ ಆಗಿರಲಿಲ್ಲ.

ಎರಡು ಲೆಗ್‌ಗಳ ಪದ್ಧತಿ ಹೋದರೂ ಅದರ ಬುದ್ಧಿ ಗುಂಪು ಹಂತದಲ್ಲಿ ಉಳಿದುಕೊಂಡಿದೆ. ಹೊಸದಾಗಿ ನೋಡುವವರು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎರಡು ತಂಡಗಳು ಸಮನಾದ ಗೆಲುವು ಪಡೆದರೆ ನಾವು ಕ್ರಿಕೆಟ್ಟಿನ ರೂಢಿಯಿಂದ ನೆಟ್ ರನ್‌ರೇಟ್ ಹುಡುಕುತ್ತೇವೆ, ಇಡೀ ಟೂರ್ನಿಯ ಅಂತರ ನೋಡುತ್ತೇವೆ. ಇಲ್ಲಿ ಮೊದಲು ನೋಡುವುದು ಆ ತಂಡಗಳು ಪರಸ್ಪರ ಆಡಿದ ಪಂದ್ಯಗಳನ್ನು ಮಾತ್ರ. ಅದರಲ್ಲೂ ಒಂದೊಂದು ಗೆದ್ದಿದ್ದರೆ ಆ ಎರಡು ಪಂದ್ಯಗಳ ಅಂಕದ ಅಂತರ. ಅದೂ ಸಮನಾದರೆ ಮಾತ್ರ ಗುಂಪಿನ ಎಲ್ಲ ಪಂದ್ಯಗಳ ಅಂತರ. ಹೆಚ್ಚುವರಿ ಅವಧಿಯಲ್ಲಿ ಬಂದ ಅಂಕಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. 40 ನಿಮಿಷ ಮುಗಿದಾಗ ಸಮಬಲವಾಗಿದ್ದರೆ, ಆಮೇಲೆ 12 ಅಂಕಗಳಿಂದ ಗೆದ್ದರೂ ಅಂತರ ಸೊನ್ನೆ.

ಮೂರು ತಂಡ ಸಮನಾದರೆ ಲೆಕ್ಕ ಬೇರೆ ತಿರುವು ತೆಗೆದುಕೊಳ್ಳುತ್ತದೆ. ಕ, ಖ, ಗ ಎಂಬ ಮೂರು ತಂಡಗಳೆನ್ನಿ. ಮೂವರೂ ತಮ್ಮ ತಮ್ಮ ತವರಿನಲ್ಲಿ ಗೆದ್ದಿದ್ದಾರೆ. ಕ ತಂಡ ಖ ಮೇಲೆ 84–76, ಖ ತಂಡ ಕ ಮೇಲೆ 79–74. ಖ ತಂಡ ಗ ಮೇಲೆ 90–78, ಗ ತಂಡ ಖ ಮೇಲೆ 81–77. ಕ ತಂಡ ಗ ಮೇಲೆ 88–82, ಗ ತಂಡ ಕ ಮೇಲೆ 85–80. ಕ ಮತ್ತು ಖ ಇಬ್ಬರನ್ನೇ ಹೋಲಿಸಿದರೆ 8ರಲ್ಲಿ 5 ಕಳೆದು ಕ ಮೂರು ಅಂಕ ಮೇಲು. ಆದರೆ ಮೂವರ ಸಣ್ಣ ಪಟ್ಟಿ ಮಾಡಿದಾಗ ಖ ಗಳಿಸಿದ್ದು ಅಧಿಕ 5, ಕ ಅಧಿಕ 4, ಗ ಋಣ 9. ಖ ಮೇಲೆ ಹೋಯಿತು! ಖ ತಂಡ ಗ ಮೇಲೆ 12ರ ಬದಲು 10 ಅಂಕಗಳಿಂದ ಗೆದ್ದಿದ್ದರೆ ಅದರ ಮೊತ್ತ 3ಕ್ಕೆ ಇಳಿದು ಕ ಮೊದಲಾಗುತ್ತಿತ್ತು. ಗೆಲುವು ಖಚಿತವಾದ ಮೇಲೂ ಕೊನೆಯ ಹತ್ತು ಸೆಕೆಂಡಿನಲ್ಲಿ ಹಾಕಿದ ಒಂದು ಬುಟ್ಟಿ ಮೂರು ತಿಂಗಳ ನಂತರ ನೇರ ಕ್ವಾರ್ಟರ್ ಫೈನಲ್ ತಂದುಕೊಡಬಹುದು.

ಇದು ಅರ್ಥವಾದರೆ ಯೂರೋಕಪ್ ಪಂದ್ಯದ ಕೊನೆಯ ನಿಮಿಷ ಬೇರೆಯೇ ಆಗಿ ಕಾಣುತ್ತದೆ. ಮೊದಲ ಸುತ್ತಿನಲ್ಲಿ 9ರಿಂದ ಸೋತ ತಂಡ ಈಗ 7ರಿಂದ ಮುಂದಿದೆ, ಚೆಂಡು ಅದರ ಕೈಯಲ್ಲಿ, ಉಳಿದಿರುವುದು 14 ಸೆಕೆಂಡು. ಬೇರೆ ಕಡೆಯಾದರೆ ಚೆಂಡು ಹಿಡಿದು ನಿಂತು, ಕೈಕುಲುಕಿ ಹೊರಡುತ್ತಾರೆ. ಇಲ್ಲಿ ಕೋಚ್ ಟೈಮ್‌ಔಟ್ ತೆಗೆದುಕೊಂಡು ಮೂರು ಅಂಕದ ಎಸೆತಕ್ಕೆ ಆಟ ಬರೆಯುತ್ತಾರೆ. ಎರಡು ಅಂಕದ ಬುಟ್ಟಿ ಹಾಕಿದರೆ ಅಂತರ ಸಮ, ತೀರ್ಪು ಇಡೀ ಗುಂಪಿನ ಅಂತರಕ್ಕೆ ಹೋಗುತ್ತದೆ. ಮೂರು ಹಾಕಿದರೆ ಅಲ್ಲೇ ಇತ್ಯರ್ಥ. ಎದುರಾಳಿ ಸೋಲುತ್ತಿದ್ದರೂ ಟೈಮ್‌ಔಟ್ ತೆಗೆದುಕೊಂಡು ರಕ್ಷಣೆ ಹೂಡುತ್ತದೆ. ಇದನ್ನು ತಿಳಿಯದ ಪ್ರೇಕ್ಷಕರು ಇದು ಅವಮಾನ ಮಾಡುವ ಆಟ ಎಂದು ಕೂಗುವುದುಂಟು. ಪಾಪ, ಆಟಗಾರರು ಮಾಡುತ್ತಿರುವುದು ಲೆಕ್ಕ. ಅಂದಹಾಗೆ, ಅಂತರ ಸರಿಹೊಂದಿಸಲು ಬೇಕೆಂದೇ ತಮ್ಮ ಬುಟ್ಟಿಗೆ ತಾವೇ ಚೆಂಡು ಹಾಕಿಕೊಳ್ಳುವ ಉಪಾಯ ನಡೆಯುವುದಿಲ್ಲ. ಫೀಬಾ ನಿಯಮದಲ್ಲಿ ಅದು ಉಲ್ಲಂಘನೆ, ಬುಟ್ಟಿ ಎಣಿಕೆಯಾಗದು.

ಅಂಗಳದ ಹೊರಗಿನ ಒತ್ತಡಕ್ಕೆ ಬರೋಣ. ಯೂರೋಕಪ್ ಪಂದ್ಯಗಳು ಮಂಗಳವಾರ, ಬುಧವಾರ. ದೇಶದ ಲೀಗ್ ವಾರಾಂತ್ಯದಲ್ಲಿ. ಸ್ಪೇನಿನ ಲೀಗ್‌ನಲ್ಲಿ 18 ತಂಡ, 34 ಸುತ್ತು. ಯೂರೋಕಪ್ ಗೆಲ್ಲುವ ತಂಡ ನೇರ ಕ್ವಾರ್ಟರ್ ಫೈನಲ್‌ಗೆ ಹೋದರೆ 23ರಿಂದ 25, ಇಲ್ಲದಿದ್ದರೆ 26ರವರೆಗೂ ಪಂದ್ಯ ಆಡಬೇಕು. ಪ್ಲೇಆಫ್, ದೇಶದ ಕಪ್ ಬಿಟ್ಟೇ ಇದು ಅರವತ್ತರ ಹತ್ತಿರ ಬಂತು. ಭಾನುವಾರ ಲೀಗ್ ಪಂದ್ಯ, ಸೋಮವಾರ ವಿಮಾನ, ಮಂಗಳವಾರ ಸಂಜೆ ಲಘು ಅಭ್ಯಾಸ, ಬುಧವಾರ ಪಂದ್ಯ, ಗುರುವಾರ ವಾಪಸು. ಪೂರ್ತಿ ಬೆವರಿಳಿಸುವ ಅಭ್ಯಾಸಕ್ಕೆ ಉಳಿಯುವುದು ಶುಕ್ರವಾರ ಒಂದೇ. ಗ್ರಾನ್ ಕನಾರಿಯಾದಂಥ ಅಟ್ಲಾಂಟಿಕ್ ದ್ವೀಪದ ಕ್ಲಬ್‌ಗೆ ತನ್ನ ದೇಶದ ಲೀಗ್‌ನ ಹೊರಪಂದ್ಯಗಳಿಗೂ ವಿಮಾನವೇ ಗತಿ.

ಆಟಗಾರರ ಆಯ್ಕೆಯಲ್ಲೂ ಇಬ್ಬಗೆ ಇದೆ. ಯೂರೋಕಪ್‌ನಲ್ಲಿ ಯಾವ ದೇಶದವರು ಎಷ್ಟು ಜನ ಎಂಬ ಮಿತಿ ಇಲ್ಲ. ದೇಶದ ಲೀಗ್‌ಗಳಲ್ಲಿ ಇದೆ. ಇಟಲಿಯಲ್ಲಿ ಕ್ಲಬ್‌ಗಳು ಐದು ವಿದೇಶಿಯರು ಐದು ಇಟಲಿಯವರು, ಇಲ್ಲವೇ ಆರು ಆರು ಎಂಬ ಸೂತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾ ಬಂದಿವೆ. ಹೀಗಾಗಿ ಏಳನೆಯ ವಿದೇಶಿ ಬುಧವಾರ ಆಡಿ ಭಾನುವಾರ ಕೂರುತ್ತಾನೆ. ಕೆಲವು ಕೋಚ್‌ಗಳು ಇದನ್ನೇ ವಿಶ್ರಾಂತಿಯ ಸರದಿಯಾಗಿ ಬಳಸುತ್ತಾರೆ, ಅದು ಜಾಣತನ. ಕೆಟ್ಟದಾಗಿ ಮಾಡಿದರೆ ವಾರಕ್ಕೆ ಎರಡು ಬೇರೆ ತಂಡಗಳಾಗುತ್ತವೆ, ಪಿಕ್ ಅಂಡ್ ರೋಲ್ (ಒಬ್ಬ ಅಡ್ಡ ನಿಂತು ಚೆಂಡು ಹಿಡಿದ ಜೊತೆಗಾರನಿಗೆ ದಾರಿ ಬಿಡಿಸುವ ಆಟ) ರಕ್ಷಣೆಯಲ್ಲಿ ಯಾರು ಎಲ್ಲಿಗೆ ಸರಿಯಬೇಕೆಂಬ ಒಪ್ಪಂದ ಫೆಬ್ರವರಿ ಬಂದರೂ ಕೂಡುವುದಿಲ್ಲ.

ಆಟಗಾರನ ಬೆಲೆ ಕಟ್ಟುವ ಅಂಕಿ ಒಂದಿದೆ, ಪಿಐಆರ್ (ಪರ್ಫಾರ್ಮೆನ್ಸ್ ಇಂಡೆಕ್ಸ್ ರೇಟಿಂಗ್). ವಾರದ ಎಂವಿಪಿಯನ್ನು ಆರಿಸುವಾಗಲೂ ಇದನ್ನೇ ನೋಡುತ್ತಾರೆ. ಅಂಕ, ರೀಬೌಂಡ್ (ತಪ್ಪಿದ ಎಸೆತದ ಚೆಂಡು ಹಿಡಿಯುವುದು), ಅಸಿಸ್ಟ್ (ಬುಟ್ಟಿಗೆ ದಾರಿಯಾದ ಪಾಸ್), ಸ್ಟೀಲ್ (ಚೆಂಡು ಕಸಿಯುವುದು), ಬ್ಲಾಕ್ (ಎಸೆತ ತಡೆಯುವುದು), ಗಳಿಸಿದ ಫೌಲ್ ಇವನ್ನು ಕೂಡಿಸಿ. ತಪ್ಪಿದ ಎಸೆತ, ತಪ್ಪಿದ ಫ್ರೀ ಥ್ರೋ, ಕಳೆದುಕೊಂಡ ಚೆಂಡು, ತಡೆಸಿಕೊಂಡ ಎಸೆತ, ಮಾಡಿದ ಫೌಲ್ ಇವನ್ನು ಕಳೆಯಿರಿ. 18 ಅಂಕ, 5 ರೀಬೌಂಡ್, 6 ಅಸಿಸ್ಟ್, 2 ಸ್ಟೀಲ್, 5 ಗಳಿಸಿದ ಫೌಲ್ ಸೇರಿ 36. ತಪ್ಪಿದ 7 ಎಸೆತ, 1 ಫ್ರೀ ಥ್ರೋ, ಕಳೆದ 3 ಚೆಂಡು, ತಡೆಸಿಕೊಂಡ 1, ಮಾಡಿದ 3 ಫೌಲ್ ಸೇರಿ 15. ಉಳಿದದ್ದು 21, ಒಳ್ಳೆಯ ರಾತ್ರಿ. ಆದರೆ ಇದರ ಕುಂದು ತಿಳಿದಿರಲಿ. ತಡೆಸಿಕೊಂಡ ಎಸೆತಕ್ಕೆ ಎರಡು ಸಲ ದಂಡ ಬೀಳುತ್ತದೆ, ತಪ್ಪಿದ್ದಕ್ಕೊಮ್ಮೆ, ತಡೆಸಿಕೊಂಡದ್ದಕ್ಕೊಮ್ಮೆ. ಎದುರಾಳಿಯ ಗಾರ್ಡನ್ನು 30 ನಿಮಿಷ ನೆರಳಿನಂತೆ ಕಾಡಿದವನಿಗೆ ಏನೂ ಸಿಗುವುದಿಲ್ಲ. ಬುಟ್ಟಿಯ ಕೆಳಗೆ ನಿಂತು ರೀಬೌಂಡ್ ಹಿಡಿಯುವ ಎತ್ತರದವರಿಗೆ ಲಾಭ.

ಈಗ ಬಾಗಿಲಿನ ಆಚೆ. ಗೆದ್ದವರೆಲ್ಲ ಒಳಗೆ ಹೋಗಲೇಬೇಕೆಂದಿಲ್ಲ. 2023ರಲ್ಲಿ ಗ್ರಾನ್ ಕನಾರಿಯಾ ತನ್ನ ಅಂಗಳದಲ್ಲೇ ತುರ್ಕ್ ಟೆಲಿಕಾಂ ತಂಡವನ್ನು 71–67ರಿಂದ ಸೋಲಿಸಿ ಕಪ್ ಗೆದ್ದು, ಯೂರೋಲೀಗ್ ಜಾಗ ಬೇಡವೆಂದಿತು. 2018–19ರಲ್ಲಿ ಅದು ಒಮ್ಮೆ ಆ ಮನೆಯನ್ನು ನೋಡಿ ಬಂದಿತ್ತು. ಬಹಳ ಜನ ಇದನ್ನು ಹೇಡಿತನ ಎಂದರು. ನಾನು ಒಪ್ಪುವುದಿಲ್ಲ. ಆಗ ಯೂರೋಲೀಗ್ ಎಂದರೆ 34 ಸುತ್ತು, ವಾರದಲ್ಲಿ ಎರಡೆರಡು ಪಂದ್ಯ ಬೀಳುವ ಸುತ್ತುಗಳೂ ಸೇರಿ. ಅದಕ್ಕೆ 12 ಜನರ ಬದಲು 15–16 ಜನರ ಪಡೆ ಬೇಕು, ಸಂಬಳ ಬೇರೆ ಮಟ್ಟದ್ದು, ಆ ಕ್ಲಬ್ಬೋ ದ್ವೀಪದ ಸ್ಥಳೀಯ ಸರ್ಕಾರದ ಒಡೆತನದ್ದು. ಒಂದು ವರ್ಷದ ಅತಿಥಿಯಾಗಿ ಹೋಗಿ, ತೋಳು ಮುರಿದುಕೊಂಡು ಬರುವುದಕ್ಕಿಂತ ತನ್ನ ಅಳತೆಯಲ್ಲಿ ಬಾಳುವುದು ಅವರ ಆಯ್ಕೆ. 2025ರಲ್ಲಿ ಅವರು ಮತ್ತೆ ಫೈನಲ್‌ಗೆ ಬಂದರು, ಹಪೋಯೆಲ್ ಟೆಲ್ ಅವೀವ್‌ಗೆ 2–0ರಿಂದ ಸೋತರು. ಯುದ್ಧದ ಕಾರಣ ಆ ಹಪೋಯೆಲ್ ತನ್ನ ತವರಿನ ಪಂದ್ಯಗಳನ್ನು ಬಲ್ಗೇರಿಯಾದ ಸಮೋಕೊವ್‌ನಲ್ಲಿ ಆಡಿತ್ತು.

ಒಳಗೆ ಹೋಗಿ ನಿಂತವರೂ ಇದ್ದಾರೆ. 2021ರಲ್ಲಿ ಗೆದ್ದ ಮೊನಾಕೊ ನಾಲ್ಕೇ ವರ್ಷದಲ್ಲಿ ಯೂರೋಲೀಗ್ ಫೈನಲ್ ಆಡಿತು, 2025ರಲ್ಲಿ ಫೆನೆರ್‌ಬಾಚೆಗೆ 81–70ರಿಂದ ಸೋತಿತು. 2018ರಲ್ಲಷ್ಟೇ ಹುಟ್ಟಿದ ಪ್ಯಾರಿಸ್ ಬ್ಯಾಸ್ಕೆಟ್‌ಬಾಲ್ 2024ರಲ್ಲಿ, ನಲವತ್ತು ಸಾವಿರದ ಆಸುಪಾಸು ಜನರಿರುವ ಬೂರ್ಗ್ ಪಟ್ಟಣದ ತಂಡವನ್ನು ಸೋಲಿಸಿ ಕಪ್ ಗೆದ್ದಿತು. ಕೋಚ್ ಟುವೊಮಾಸ್ ಈಸಲೊ ಅಮೆರಿಕಕ್ಕೆ ಹೋದರೂ ಗಾರ್ಡ್ ಟಿ.ಜೆ. ಶಾರ್ಟ್ಸ್ ಉಳಿದರು, ಬಿರುಸಿನ ಆಟ ಉಳಿಯಿತು, ಒಲಿಂಪಿಕ್ಸ್‌ಗೆಂದು ಕಟ್ಟಿದ ಸುಮಾರು 8,000 ಆಸನಗಳ ಅಂಗಳ ಕೈಗೆ ಬಂದಿತ್ತು. ಮೊದಲ ಸಾಲಿನಲ್ಲೇ ಯೂರೋಲೀಗ್ ಪ್ಲೇಆಫ್ ಮುಟ್ಟಿದರು. ದಾರುಶ್ಶಫಾಕಾ ಕೋಚ್ ಮತ್ತು ಮುಖ್ಯ ಗಾರ್ಡ್ ಇಬ್ಬರನ್ನೂ ಒಟ್ಟಿಗೆ ಕಳೆದುಕೊಂಡಿತ್ತು, ಪ್ಯಾರಿಸ್ ಒಬ್ಬರನ್ನು ಉಳಿಸಿಕೊಂಡಿತು. ಒಂದೊಂದು ವರ್ಷದ ಒಪ್ಪಂದಗಳೇ ಹೆಚ್ಚಿರುವ ಈ ಮಟ್ಟದಲ್ಲಿ ಕಪ್ ಗೆದ್ದ ಮರುದಿನವೇ ದೊಡ್ಡ ಕ್ಲಬ್‌ಗಳ ಕರೆ ಬರುತ್ತದೆ. ಮುಖ್ಯ ಗಾರ್ಡ್‌ನ ಒಪ್ಪಂದಕ್ಕೆ ಎರಡನೇ ವರ್ಷ ಸೇರಿಸುವ ಕೆಲಸ ಫೈನಲ್ ತನಕ ಕಾದರೆ ತಡವಾಯಿತು ಎಂದೇ ಅರ್ಥ.

ಮುಂದಿನ ಸಾಲು ನೋಡುವವರು ಒಂದು ಕೆಲಸ ಮಾಡಿ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹತ್ತಕ್ಕೆ ಹತ್ತು ಮನೆಗಳ ಚೌಕ ಹಾಕಿ. ಎಡಕ್ಕೆ ತವರಿನ ತಂಡ, ಮೇಲೆ ಹೊರಗಿನಿಂದ ಬಂದ ತಂಡ. ಪ್ರತಿ ಪಂದ್ಯದ ಅಂತರವನ್ನು ಮಾತ್ರ ಬರೆಯಿರಿ, ಹೆಚ್ಚುವರಿ ಅವಧಿಗೆ ಹೋದದ್ದಕ್ಕೆ ಸೊನ್ನೆ ಬರೆದು, ಗೆದ್ದವರ ಹೆಸರಿನ ಮೊದಲಕ್ಷರ ಹಾಕಿ. ಹತ್ತನೇ ಸುತ್ತಿನಿಂದ ಮೊದಲ ಪಂದ್ಯಗಳ ಮರುಪಂದ್ಯ ಶುರುವಾಗುತ್ತದೆ. ಆಗ ಪ್ರತಿ ಪಂದ್ಯಕ್ಕೆ ಮುಂಚೆ ಎದುರು ಮನೆಯ ಅಂಕಿ ನೋಡಿಕೊಳ್ಳಿ, ಕೊನೆಯ ನಿಮಿಷದ ಟೈಮ್‌ಔಟ್ ಯಾಕೆಂದು ನೀವು ಕೋಚ್‌ಗಿಂತ ಮೊದಲೇ ಹೇಳಬಹುದು.